ಸ್ವಸ್ಥವೃತ್ತವೂ ನಮ್ಮ ಆಚಾರವೂ

ಸಂಸ್ಕೃತದಲ್ಲಿ ಆರೋಗ್ಯವಂತನಿಗೆ ‘ಸ್ವಸ್ಥ’ ಎಂದು ಹೆಸರು. ತನ್ನಲ್ಲಿ ತಾನು ನೆಲೆನಿಂತವನು ಎಂಬುದು ಈ ಶಬ್ದದ ಅವಯವಾರ್ಥ. ‘ಆರೋಗ್ಯ’ವೆಂಬ ಶಬ್ದವು ರೋಗವಿಲ್ಲವೆಂಬ ಅಭಾವವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ, ‘ಸ್ವಾಸ್ಥ್ಯ’ವಾದರೋ ಒಂದು ಇರುವಿಕೆಯನ್ನು ಹೇಳುತ್ತದೆ. ಸುಶ್ರುತಾಚಾರ್ಯರು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಕ್ರಿಯೆಗಳು ಸಮವಾಗಿರಬೇಕೆಂದು ಮೊದಲು ತಿಳಿಸಿ, ಅಷ್ಟಕ್ಕೇ ನಿಲ್ಲಿಸದೆ, ಆತ್ಮ, ಇಂದ್ರಿಯ ಮತ್ತು ಮನಸ್ಸುಗಳು ಪ್ರಸನ್ನವಾಗಿರಬೇಕೆಂದೂ ಸೇರಿಸಿರುತ್ತಾರೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮಗಳನ್ನು ಒಟ್ಟಾಗಿ ಆರೋಗ್ಯವೆಂದು ಕರೆದುದು ಹೆಚ್ಚುಕಡಿಮೆ ಇದೇ ಜಾಡಿನಲ್ಲಿದೆ. ಆದರೆ ನಮ್ಮ ಸಿದ್ಧಾಂತದಂತೆ ಜೀವನು ಸ್ವತಂತ್ರನಲ್ಲ. ತನ್ನಲ್ಲಿ ತಾನು ನಿಲ್ಲುವುದೆಂದರೆ ತನ್ನೊಳಗಿನ ಬಿಂಬರೂಪಿಯನ್ನು ಆಶ್ರಯಿಸಿ ನಿಲ್ಲುವುದೆಂದೇ ತಾತ್ಪರ್ಯ. ಆದುದರಿಂದ ಶರೀರವನ್ನು ಒಂದು ಕಡೆ, ಅನುಷ್ಠಾನವನ್ನು ಇನ್ನೊಂದು ಕಡೆ ಇಟ್ಟು ನೋಡುವ ಪದ್ಧತಿ ನಮಗೆ ಸಲ್ಲದು. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಕೇರಳದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ದೃಷ್ಟಿಯಿಂದ ಸ್ವಲ್ಪ ವಿಚಾರಿಸಬೇಕಾಗಿದೆ.

ಏಕೆಂದರೆ ನಾವು ವಾಸಿಸುವ ಈ ನಾಡಿನಲ್ಲೊಂದು ವೈಚಿತ್ರ್ಯವಿದೆ. 2014–18ರ ಅವಧಿಯ ಸರಕಾರಿ ಗಣನೆಯಂತೆ ಕೇರಳೀಯರ ಸರಾಸರಿ ಆಯುಷ್ಯ 75.3 ವರ್ಷ, ಇಡೀ ದೇಶದ್ದು 69.4. ಆಯುಸ್ಸಿನಲ್ಲಿ ಮುಂದಿರುವ ಈ ನಾಡು ಮಧುಮೇಹದಲ್ಲಿಯೂ ಮುಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವಿದ್ದರೆ ಕೇರಳದಲ್ಲಿ ಶೇಕಡಾ 25.5 ಮಂದಿಗೆ ಇರುವುದು ಕಂಡುಬಂದಿತು. ನಾಲ್ವರಲ್ಲಿ ಒಬ್ಬರು! ಮಠದ ಪಂಕ್ತಿಯಲ್ಲಿ ನಲವತ್ತು ಎಲೆ ಹಾಕಿದರೆ ಅದರಲ್ಲಿ ಹತ್ತು ಎಲೆಗಳ ಮುಂದೆ ಈ ವ್ಯಾಧಿಯೂ ಕುಳಿತಿರುತ್ತದೆಂದು ಭಾವಿಸಬಹುದು. ಚರಕಾಚಾರ್ಯರು ಆಯುಸ್ಸನ್ನು ಸುಖಾಯು, ದುಃಖಾಯು, ಹಿತಾಯು, ಅಹಿತಾಯು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದರ ಔಚಿತ್ಯ ಇಲ್ಲಿ ತಿಳಿಯುತ್ತದೆ. ಎಷ್ಟು ವರ್ಷ ಬದುಕಿದೆವೆಂಬುದೊಂದೇ ಅವರ ಪ್ರಶ್ನೆಯಾಗಿರಲಿಲ್ಲ.

ಕೊಚ್ಚಿಯ ಬಂದರು, ಹಡಗುಕಟ್ಟೆ, ತೈಲಾಗಾರಗಳಿಗೆ ಬಂದವರು. ತಿರುವನಂತಪುರದ ಬ್ಯಾಂಕು, ವಿಮೆ, ರೈಲ್ವೆ ಕಚೇರಿಗಳಿಗೆ ವರ್ಗವಾಗಿ ಬಂದವರು. 1963ರ ನವೆಂಬರ್ 21ರಂದು ತುಂಬದ ಕಡಲ ತೀರದಿಂದ ಮೊದಲ ರಾಕೆಟ್ಟು ಹಾರಿದ ತರುವಾಯ ಅಲ್ಲಿ ಬೆಳೆದ ಸಂಸ್ಥೆಗಳಲ್ಲಿ ಉದ್ಯೋಗ ಹಿಡಿದವರು. ಇವರೆಲ್ಲ ಇಂದು ನಿವೃತ್ತರಾಗಿ ಇಲ್ಲಿಯೇ ಮನೆ ಮಾಡಿಕೊಂಡಿರುವುದನ್ನು ಕಾಣುತ್ತೇವೆ. ‘ತುಂಬ’ವೆಂದರೆ ಮಲಯಾಳದಲ್ಲಿ ನಮ್ಮ ತುಂಬೆಯ ಗಿಡವೇ. ರಾಕೆಟ್ಟಿನ ಕೆಲಸ ಬಲ್ಲ ಈ ಹಿರಿಯರಿಗೆ ಒಂದು ಮಾತು ಬೇಗನೆ ಮನವರಿಕೆಯಾಗುವುದು. ಬಿಡಿಭಾಗಗಳೆಲ್ಲವೂ ಪ್ರತ್ಯೇಕವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು. ಜೋಡಿಸಿದ ಮೇಲೆ ಇಡೀ ಯಂತ್ರವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ನಮ್ಮಲ್ಲಿ ಹಲವರು ಹೃದಯಕ್ಕೊಬ್ಬ, ಸಕ್ಕರೆಗೊಬ್ಬ, ಮೊಣಕಾಲಿಗೊಬ್ಬ ವೈದ್ಯರನ್ನು ಕಾಣುತ್ತಾರೆ. ಮೂರು ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ವೈದ್ಯಪರಂಪರೆಯ ನಾಡು

ವಾಗ್ಭಟಾಚಾರ್ಯರು ಈ ನಾಡಿನಲ್ಲಿ ಹುಟ್ಟಿದವರಲ್ಲ. ಆದರೂ ಅವರ ಅಷ್ಟಾಂಗಹೃದಯಕ್ಕೆ ಕೇರಳದಲ್ಲಿ ಸಂದಷ್ಟು ಗೌರವ ಬೇರೆಲ್ಲಿಯೂ ಸಂದಿಲ್ಲ. ಅಷ್ಟವೈದ್ಯ ಮನೆತನಗಳ ಬಾಲಕರು ಆ ಗ್ರಂಥವನ್ನು ಕಂಠಸ್ಥ ಮಾಡುತ್ತಿದ್ದರು. ತಿರುವನಂತಪುರದಲ್ಲಿ 1889ರಲ್ಲಿಯೇ ರಾಜಾಶ್ರಯದಲ್ಲಿ ಆಯುರ್ವೇದ ಪಾಠಶಾಲೆ ಆರಂಭವಾಯಿತು. ಕೊಚ್ಚಿಯಲ್ಲಿ ಅದಕ್ಕೂ ಹಿಂದೆ, 1675ರಲ್ಲಿ, ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತನು ಮಲಬಾರಿನ ಗಿಡಮೂಲಿಕೆಗಳ ಬೃಹದ್ಗ್ರಂಥವನ್ನು ಸಿದ್ಧಪಡಿಸುತ್ತಿದ್ದಾಗ ಅವನಿಗೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. ಆ ಗ್ರಂಥ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಆ ಮೂವರು ಪಂಡಿತರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ದೃಢೀಕರಣ ಪತ್ರವೂ ಅದರಲ್ಲಿದೆ. ಪರಸ್ಥಳದಿಂದ ಬಂದು ಇಲ್ಲಿ ನೆಲೆಸಿದವರು ಈ ನೆಲದ ವಿದ್ಯೆಗೆ ತಮ್ಮ ಪಾಲನ್ನು ಸಲ್ಲಿಸಿದುದು ಹೀಗೆ ಹಳೆಯ ಸಂಗತಿಯೇ ಆಗಿದೆ.

ಇತ್ತೀಚಿನ ಉದಾಹರಣೆಯಾಗಿ ಡಾ. ಎಂ. ಎಸ್. ವಲಿಯತ್ತಾನರನ್ನು (1934–2024) ಹೇಳಲೇಬೇಕು. ಮಾವೇಲಿಕ್ಕರದ ಈ ಶಸ್ತ್ರವೈದ್ಯರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. ಅಲ್ಲಿಯೇ ನಿರ್ಮಿತವಾದ ಹೃದಯದ ಕೃತಕ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಅನಂತರ ಅವರು ನಮ್ಮ ಉಡುಪಿಯ ಮಗ್ಗುಲಿನ ಮಣಿಪಾಲಕ್ಕೆ ಕುಲಪತಿಗಳಾಗಿ ಬಂದರು. ಸಾವಿರಾರು ಎದೆಗಳನ್ನು ತೆರೆದು ನೋಡಿದ ಈ ಮಹನೀಯರು ಇಳಿವಯಸ್ಸಿನಲ್ಲಿ ಚಾಲಕ್ಕುಡಿಯ ವೈದ್ಯ ರಾಘವನ್ ತಿರುಮುಲ್ಪಾಡರ ಬಳಿ ಶಿಷ್ಯರಾಗಿ ಕುಳಿತು ಚರಕಸಂಹಿತೆಯನ್ನು ಓದಿದರು. ಚರಕ, ಸುಶ್ರುತ, ವಾಗ್ಭಟ ಈ ಮೂವರ ಕುರಿತೂ 2003ರಿಂದ 2009ರ ಒಳಗೆ ಒಂದೊಂದು ಉದ್ಗ್ರಂಥವನ್ನು ಬರೆದರು. ಹೃದಯದ ಕವಾಟವು ಕೆಟ್ಟುಹೋದ ಮೇಲೆ ಬದಲಾಯಿಸುವ ವಿದ್ಯೆಯನ್ನು ಪೂರ್ತಿಯಾಗಿ ಬಲ್ಲವರೇ ಅದು ಕೆಡದಂತೆ ಬದುಕುವ ವಿದ್ಯೆಯನ್ನು ಹುಡುಕಿಕೊಂಡು ಹೋದರೆಂಬುದನ್ನು ಲಕ್ಷಿಸಬೇಕು. ಅವರು ಆಧುನಿಕ ವೈದ್ಯವನ್ನು ಬಿಟ್ಟುಕೊಡಲಿಲ್ಲ, ಪ್ರಾಚೀನವನ್ನು ಕಣ್ಣುಮುಚ್ಚಿ ಹೊಗಳಲೂ ಇಲ್ಲ.

ಬೆಳಗಿನಿಂದ ರಾತ್ರಿಯವರೆಗೆ

ಅಷ್ಟಾಂಗಹೃದಯದ ಮಂಗಳಶ್ಲೋಕವೇ ರಾಗದ್ವೇಷಾದಿಗಳನ್ನು ರೋಗಗಳೆಂದು ಹೆಸರಿಸಿ, ಅವುಗಳನ್ನು ಪರಿಹರಿಸುವ ವೈದ್ಯನಿಗೆ ನಮಸ್ಕರಿಸುತ್ತದೆ. ಜ್ವರದ ಮಾತು ಬರುವುದು ಬಹಳ ಮುಂದೆ. ಎರಡನೆಯ ಅಧ್ಯಾಯವು ದಿನಚರ್ಯೆ. ಇದನ್ನೂ ಶ್ರೀಮದಾಚಾರ್ಯರ ಸದಾಚಾರಸ್ಮೃತಿಯನ್ನೂ ಜೊತೆಯಾಗಿ ಓದಿದವರಿಗೆ ಎರಡರ ಉದ್ದೇಶ ಬೇರೆಯಾದರೂ ದಾರಿ ಎಷ್ಟೋ ಕಡೆ ಕೂಡುವುದೆಂಬುದು ಗೋಚರಿಸುತ್ತದೆ. ಬ್ರಾಹ್ಮೀಮುಹೂರ್ತದಲ್ಲಿ ಏಳುವುದು, ಶೌಚ, ದಂತಧಾವನ, ಸ್ನಾನ, ಮಿತವಾದ ಮಾತು, ಪರರಿಗೆ ಉಪಕಾರ, ಇವೆಲ್ಲ ವೈದ್ಯಗ್ರಂಥದಲ್ಲಿಯೂ ಇವೆ. ಅಪಕಾರ ಮಾಡಿದ ಶತ್ರುವಿಗೂ ಉಪಕಾರ ಮಾಡಬೇಕೆಂಬ ವಿಧಿ ಔಷಧದ ಪುಸ್ತಕದಲ್ಲಿ ಏಕಿದೆಯೆಂದು ಯೋಚಿಸಿದವರಿಗೆ ಸ್ವಸ್ಥವೃತ್ತದ ವ್ಯಾಪ್ತಿ ತಿಳಿದೀತು.

ಅಭ್ಯಂಗದ ವಿಚಾರವನ್ನು ನೋಡೋಣ. ತಲೆ, ಕಿವಿ, ಪಾದ, ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಾಗ್ಭಟರು ವಿಧಿಸುತ್ತಾರೆ. ಮಧುಮೇಹವಿರುವ ಹಿರಿಯರಿಗೆ ಇದರಲ್ಲಿ ಪಾದದ ಮಾತು ಅತ್ಯಂತ ಮುಖ್ಯ. ಹಲವು ವರ್ಷ ಸಕ್ಕರೆ ಏರಿದ್ದ ಶರೀರದಲ್ಲಿ ಅಂಗಾಲಿನ ನರಗಳು ಮರಗಟ್ಟುತ್ತವೆ. ಮುಳ್ಳು ಚುಚ್ಚಿದರೂ, ಬಿಸಿ ತಗಲಿದರೂ ತಿಳಿಯುವುದಿಲ್ಲ. ನಡುಹಗಲಿನಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ, ಮರುದಿನ ಅಂಗಾಲಿನಲ್ಲಿ ಬೊಬ್ಬೆ ಎದ್ದ ಮೇಲೆಯೇ ಸುಟ್ಟುದನ್ನು ಅರಿಯುವವರುಂಟು. ಆ ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು ಬೆರಳನ್ನೋ ಕಾಲನ್ನೋ ಕಳೆದುಕೊಳ್ಳುವವರೂ ಉಂಟು. ಇಂಥವರು ಪ್ರದಕ್ಷಿಣೆಯನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮಾಡಬೇಕು. ರಾತ್ರಿ ಮಲಗುವ ಮುನ್ನ ಪಾದಕ್ಕೆ ಎಣ್ಣೆ ಸವರಿಕೊಳ್ಳುವವನು ದಿನಕ್ಕೊಮ್ಮೆ ತನ್ನ ಪಾದವನ್ನು ನೋಡಿಯೇ ನೋಡುತ್ತಾನೆ. ಬೆರಳ ಸಂದಿಗಳನ್ನು ಮಾತ್ರ ಒಣಗಿದಂತೆ ಇಟ್ಟುಕೊಳ್ಳಬೇಕು. ಬಗ್ಗಲಾರದವರು ಕನ್ನಡಿಯನ್ನು ಇಟ್ಟುಕೊಳ್ಳಲಿ, ಇಲ್ಲವೇ ಮೊಮ್ಮಕ್ಕಳಿಗೆ ತೋರಿಸಲಿ. ರೈಲ್ವೆಯಲ್ಲಿ ನಿಲ್ಲದೆ ಸಾಗುವ ಗಾಡಿಯನ್ನೂ ಪ್ರತಿ ನಿಲ್ದಾಣದಲ್ಲಿ ಹಸಿರು ಬಾವುಟ ಹಿಡಿದು ನಿಂತು ನೋಡುವ ಪದ್ಧತಿಯಿತ್ತು: ಅಚ್ಚು ಕಾದಿದೆಯೇ, ಕಿಡಿ ಹಾರುತ್ತಿದೆಯೇ, ಏನಾದರೂ ಜೋತುಬಿದ್ದಿದೆಯೇ ಎಂದು. ಗಾಡಿಯನ್ನು ಕಾರ್ಖಾನೆಗೆ ಕಳಿಸುವುದು ಬೇರೆ. ಓಡುವಾಗಲೇ ನೋಡುವುದು ಬೇರೆ. ಎರಡೂ ಬೇಕು.

ವ್ಯಾಯಾಮದ ವಿಷಯದಲ್ಲಿ ನಮ್ಮವರ ಔದಾಸೀನ್ಯ ಆಶ್ಚರ್ಯಕರ. ವಾಯುದೇವರ ಮೂರು ಅವತಾರಗಳನ್ನು ನಿತ್ಯವೂ ಸ್ಮರಿಸುವವರು ನಾವು. ಬಾಲಕ ವಾಸುದೇವನು ಓಟ, ಜಿಗಿತ, ಮಲ್ಲಯುದ್ಧ, ಈಜುಗಳಲ್ಲಿ ಜೊತೆಗಾರರೆಲ್ಲರನ್ನೂ ಮೀರಿಸಿದನೆಂದು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಸಂತೋಷದಿಂದ ವರ್ಣಿಸುತ್ತಾರೆ. ಆ ಸರ್ಗವನ್ನು ಪಾರಾಯಣ ಮಾಡಿ, ಮೊದಲ ಮಹಡಿಗೆ ಲಿಫ್ಟಿಗಾಗಿ ಕಾಯುತ್ತ ನಿಲ್ಲುವುದು ಶೋಭಿಸದು. ವಾರಕ್ಕೆ ನೂರೈವತ್ತು ನಿಮಿಷಗಳ ಚುರುಕಾದ ನಡಿಗೆಯಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಲವಂತನೂ ತನ್ನ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಬೇಸಗೆ ಮಳೆಗಾಲಗಳಲ್ಲಿ ಇನ್ನೂ ಕಡಿಮೆ, ಎಂದು ವಾಗ್ಭಟರು ಮಿತಿ ಹಾಕುತ್ತಾರೆ.

ಆಹಾರದಲ್ಲಿ, ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ, ಉಳಿದೊಂದನ್ನು ವಾಯುವಿಗೆ ಬಿಡಬೇಕೆಂಬ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಅಕ್ಕಿಯ ಬಗ್ಗೆ ಒಂದು ಮಾತು. ತುಳುನಾಡಿನ ಕುಚ್ಚಲಕ್ಕಿಯೂ ಕೇರಳದ ಮಟ್ಟ ಅಕ್ಕಿಯೂ ಒಡಹುಟ್ಟಿದವು. ಕೆಂಪು ತವುಡನ್ನು ಬಹುಮಟ್ಟಿಗೆ ಉಳಿಸಿಕೊಂಡವು. ನೈವೇದ್ಯಕ್ಕೆ ಬೆಳ್ತಿಗೆಯೇ ಆಗಬೇಕೆಂಬುದು ಸರಿ. ಹಿಂದೆ ಅದು ದೇವರ ಮುಂದಿನ ಪಾತ್ರೆಯಷ್ಟು ಇರುತ್ತಿತ್ತು, ಮನೆಮಂದಿಯ ಹೊಟ್ಟೆ ತುಂಬುತ್ತಿದ್ದುದು ಕುಚ್ಚಲಕ್ಕಿಯ ಗಂಜಿಯಿಂದ. ಪೇಟೆಗೆ ಬಂದ ಮೇಲೆ ಮೂರು ಹೊತ್ತೂ ಪಾಲಿಶ್ ಮಾಡಿದ ಬಿಳಿಯ ಅನ್ನವೇ ಆಗಿಹೋಯಿತು. ಗದ್ದೆಯ ಕೆಲಸ ಹೋಯಿತು, ಹಬ್ಬದ ಪಾಯಸ ಮಾತ್ರ ಉಳಿಯಿತು. ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ದಿನವೊಂದಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬ ಮಾತನ್ನು ರಕ್ತದ ಒತ್ತಡವುಳ್ಳವರಾದರೂ ನೆನಪಿಡಬೇಕು.

ಋತುಚರ್ಯೆಗೆ ಬಂದರೆ, ಸೂರ್ಯನು ಕರ್ಕಾಟಕದಲ್ಲಿರುವ ಮಾಸವನ್ನು ಮಲಯಾಳಿಗಳು ಕರ್ಕಿಡಕವೆನ್ನುತ್ತಾರೆ, ತುಳುವರು ಆಟಿಯೆನ್ನುತ್ತಾರೆ. ಇಲ್ಲಿ ನವರ ಅಕ್ಕಿಗೆ ಮೂಲಿಕೆ ಸೇರಿಸಿ ಕಾಯಿಸಿದ ಕರ್ಕಿಡಕದ ಗಂಜಿ. ಅಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯ. (ಮರದ ಗುರುತು ಬಲ್ಲ ಹಿರಿಯರು ತಂದ ತೊಗಟೆಯಲ್ಲದೆ ಬೇರೆಯದನ್ನು ಕುಡಿಯಬಾರದು, ಮರ ತಪ್ಪಿದರೆ ಅದೇ ವಿಷವಾದೀತು.) ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುವುದರಿಂದ ಹಳೆಯ ಧಾನ್ಯ, ಹೆಸರಿನ ಕಟ್ಟು, ಕಾಯಿಸಿದ ನೀರು ಹಿತವೆಂದು ವಾಗ್ಭಟರ ಮತ. ಹೆಚ್ಚುಕಡಿಮೆ ಇದೇ ಕಾಲಕ್ಕೆ ನಮ್ಮ ಚಾತುರ್ಮಾಸ್ಯ ಆರಂಭವಾಗಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳು ಒಂದೊಂದು ತಿಂಗಳಿನಂತೆ ನಡೆಯುತ್ತವೆ. ಇವುಗಳನ್ನು ಆರೋಗ್ಯಕ್ಕಾಗಿಯೇ ಏರ್ಪಡಿಸಿದರೆಂದು ಹೇಳುವುದು ಸರಿಯಲ್ಲ. ವ್ರತವು ಶ್ರೀಹರಿಪ್ರೀತಿಗಾಗಿ; ಶರೀರಕ್ಕೆ ಆಗುವ ಉಪಕಾರ ಆನುಷಂಗಿಕ. ಇತ್ತೀಚೆಗೆ, 2016ರಲ್ಲಿ ಜಪಾನಿನ ಒಸುಮಿ ಎಂಬ ವಿಜ್ಞಾನಿಗೆ ನೊಬೆಲ್ ಪಾರಿತೋಷಕ ಬಂದುದರಿಂದ ಏಕಾದಶಿಯ ಉಪವಾಸ ಸಿದ್ಧವಾಯಿತೆಂದು ಕೆಲವರು ಉಪನ್ಯಾಸ ಮಾಡುತ್ತಿದ್ದಾರೆ. ಆ ಮಹನೀಯರು ಶೋಧಿಸಿದ್ದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೋಶಗಳಲ್ಲಿ ನಡೆಯುವ ಕ್ರಿಯೆಯನ್ನು. ನಮ್ಮ ವ್ರತಕ್ಕೆ ಅವರ ಪ್ರಮಾಣಪತ್ರ ಬೇಕಿಲ್ಲ. ಅವರ ಶೋಧಕ್ಕೆ ನಮ್ಮ ಅಲಂಕಾರವೂ ಬೇಕಿಲ್ಲ.

ಇನ್ನು ಹೇಳಲೇಬೇಕಾದ, ಆದರೆ ನಮ್ಮ ಪತ್ರಿಕೆಗಳಲ್ಲಿ ಯಾರೂ ಹೇಳದ ಒಂದು ವಿಷಯ. ಶರೀರದ ವೇಗಗಳನ್ನು ತಡೆಯಬಾರದೆಂದು ಆಯುರ್ವೇದ ಹೇಳುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಮುಂತಾಗಿ ಅವು ಹದಿಮೂರು. ತಡೆಯಬೇಕಾದವು ಲೋಭ, ಈರ್ಷ್ಯೆ, ದ್ವೇಷಾದಿ ಮನೋವೇಗಗಳು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ವಿಪರೀತ. ಬೆಳಗಿನ ಆರಕ್ಕೆ ಮಡಿಯುಟ್ಟು ಅಡಿಗೆಮನೆ ಹೊಕ್ಕ ಗೃಹಿಣಿ ನೈವೇದ್ಯ, ಬಡಿಸುವಿಕೆಗಳೆಲ್ಲ ಮುಗಿದು ತಾನು ಎಲೆಯ ಮುಂದೆ ಕುಳಿತುಕೊಳ್ಳುವಾಗ ಎರಡು ಗಂಟೆ. ಮಡಿ ಕೆಡುವುದೆಂಬ ಭಯದಿಂದ ಅಷ್ಟು ಹೊತ್ತೂ ನೀರು ಕುಡಿಯುವುದಿಲ್ಲ. ಕೊಚ್ಚಿಯ ಸೆಕೆಯಲ್ಲಿ ಬೆವರು ಹರಿಯುತ್ತಲೇ ಇರುತ್ತದೆ. ಮೂತ್ರದ ಉರಿ, ರಕ್ತಹೀನತೆ, ತಲೆಸುತ್ತು, ಇವನ್ನೆಲ್ಲ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅಡಿಗೆಯ ಭಾರವನ್ನು ಹಂಚಿಕೊಳ್ಳುವುದು, ನೈವೇದ್ಯವನ್ನು ಬೇಗ ಮುಗಿಸುವುದು, ನಡುವೆ ನೀರು ಕುಡಿದು ಮತ್ತೆ ಕೈಕಾಲು ತೊಳೆದು ಮಡಿಯುಡಲು ಅನುಕೂಲ ಮಾಡಿಕೊಡುವುದು ಮನೆಯ ಯಜಮಾನರ ಕೈಯಲ್ಲಿದೆ. ಅತ್ತೆಯಂದಿರು ಸೊಸೆಗೆ, ಸೊಸೆಯಂದಿರು ಅತ್ತೆಗೆ ಈ ಮಾತನ್ನು ಹೇಳುವುದಕ್ಕಿಂತ ಗಂಡಸರು ಹೇಳಿ, ತಾವೇ ಎಲೆ ಹಾಕಿ ಬಡಿಸುವುದು ಮೇಲು.

ನಿದ್ರೆಯನ್ನು ಚರಕರು ಶರೀರದ ಮೂರು ಊರೆಗೋಲುಗಳಲ್ಲಿ ಒಂದೆಂದು ಎಣಿಸಿರುತ್ತಾರೆ. ಉಳಿದೆರಡು ಆಹಾರ ಮತ್ತು ಬ್ರಹ್ಮಚರ್ಯ. ತುಂಬದ ಹತ್ತಿರದ ಕಳಕ್ಕೂಟಂ ಪ್ರದೇಶದಲ್ಲಿ 1990ರಲ್ಲಿ ಸ್ಥಾಪಿತವಾದ ಟೆಕ್ನೋಪಾರ್ಕಿನಲ್ಲಿ ದುಡಿಯುವ ನಮ್ಮ ಯುವಕ ಯುವತಿಯರಲ್ಲಿ ಅಮೆರಿಕದ ಹಗಲನ್ನು ಇಲ್ಲಿಯ ರಾತ್ರಿಯಲ್ಲಿ ಕಳೆಯುವವರಿದ್ದಾರೆ. ರಾತ್ರಿಪಾಳಿಯ ದುಡಿಮೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿಯೇ ಕ್ಯಾನ್ಸರಿಗೆ ಸಂಭವನೀಯ ಕಾರಣಗಳ ಪಟ್ಟಿಗೆ ಸೇರಿಸಿದೆ. ಇಂಥವರಿಗೆ ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂದು ಹಿರಿಯರು ಒತ್ತಾಯಿಸುವುದುಂಟು. ಮೂಲವನ್ನು ಸರಿಯಾಗಿ ಓದಬೇಕು: ವಾಗ್ಭಟರು ಆ ವಿಧಿಯನ್ನು ಹೇಳುವುದು ‘ಸ್ವಸ್ಥ’ನಿಗೆ. ಅಭ್ಯಾಸವಿಲ್ಲದೆ ರಾತ್ರಿ ಎಚ್ಚರವಿರಬೇಕಾಗಿ ಬಂದವನು, ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಬೆಳಗ್ಗೆ ಉಣ್ಣುವುದಕ್ಕೆ ಮುಂಚೆ ಮಲಗಿ ಕಳೆಯಬೇಕೆಂದೂ ಅವರೇ ಹೇಳಿರುತ್ತಾರೆ. ರಾತ್ರಿ ಎಂಟು ತಾಸು ಎಚ್ಚರವಿದ್ದವನಿಗೆ ನಾಲ್ಕು ತಾಸು. ರೈಲು ನಡೆಸುವವರಿಗೆ ಕಡ್ಡಾಯ ವಿಶ್ರಾಂತಿಯ ನಿಯಮವಿರುವುದು ಅವರ ಸುಖಕ್ಕಾಗಿ ಮಾತ್ರವಲ್ಲ, ಹಿಂದೆ ಕುಳಿತಿರುವ ಸಾವಿರ ಮಂದಿಗಾಗಿ. ಮನೆ ನಡೆಸುವವರ ವಿಷಯವೂ ಹಾಗೆಯೇ.

ದಿನಕ್ಕೆ 21,600 ಶ್ವಾಸಗಳ ಮೂಲಕ ಮುಖ್ಯಪ್ರಾಣದೇವರು ನಮ್ಮೊಳಗೆ ಹಂಸಮಂತ್ರವನ್ನು ಜಪಿಸುತ್ತಾರೆಂದು ಸಂಕಲ್ಪದಲ್ಲಿ ಹೇಳುತ್ತೇವೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಹದಿನೈದಾಯಿತು. ವಿಶ್ರಾಂತಿಯಲ್ಲಿರುವ ಆರೋಗ್ಯವಂತನು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುವನೆಂದು ಇಂದಿನ ವೈದ್ಯರ ಎಣಿಕೆ. ಕೋಪಗೊಂಡವನ, ಗಾಬರಿಗೊಂಡವನ ಉಸಿರು ಈ ಲೆಕ್ಕವನ್ನು ಮೀರುತ್ತದೆ.

ಮನಸ್ಸಿನ ಪ್ರಸನ್ನತೆಯ ವಿಷಯಕ್ಕೆ ಬಂದರೆ, ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ಎರನಾಕುಳದ ಫ್ಲಾಟುಗಳಲ್ಲಿ ಉಳಿದ ವೃದ್ಧದಂಪತಿಗಳ ಸ್ಥಿತಿಯನ್ನು ನೆನೆಯಬೇಕಾಗುತ್ತದೆ. ನೆರೆಯವರ ಭಾಷೆ ವ್ಯವಹಾರಕ್ಕೆ ಬರುತ್ತದೆ, ಮನಸ್ಸು ಬಿಚ್ಚುವುದಕ್ಕೆ ಬರುವುದಿಲ್ಲ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರಿಗೆ ಕನ್ನಡದ ಒಂದು ಮಾತು ಕಿವಿಗೆ ಬೀಳುವುದು ವಾರಕ್ಕೊಮ್ಮೆ ಫೋನಿನಲ್ಲಿ. ಮಠದ ಪ್ರವಚನಕ್ಕೆ ಬರುತ್ತಿದ್ದ ಹಿರಿಯರು ಎರಡು ವಾರ ಕಾಣದಿದ್ದರೆ ಯಾರಾದರೊಬ್ಬರು ಮನೆಗೆ ಹೋಗಿ ವಿಚಾರಿಸುವ ಏರ್ಪಾಡು ಔಷಧದಷ್ಟೇ ಅಗತ್ಯ. ಈ ವಿಷಯದಲ್ಲಿ ಕೇರಳೀಯರಿಂದ ಕಲಿಯುವುದಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಶುಶ್ರೂಷೆಯ ಕಾರ್ಯ ಊರೂರಿಗೆ ಹರಡಿ, ನೆರೆಹೊರೆಯ ಸಾಮಾನ್ಯ ಜನರೇ ಹಾಸಿಗೆ ಹಿಡಿದವರ ಮನೆಗೆ ಹೋಗಿ ಶುಶ್ರೂಷೆ ಮಾಡುವ ಪದ್ಧತಿ ಬೆಳೆಯಿತು. 2008ರಲ್ಲಿ ಇದಕ್ಕಾಗಿ ಸರಕಾರಿ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ಕೇರಳ. ನೋವೆಂಬುದು ಶರೀರದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಶ್ರದ್ಧೆಯದು ಕೂಡ ಎಂಬುದು ಆ ಶುಶ್ರೂಷೆಯ ಮೂಲತತ್ತ್ವ. ಸುಶ್ರುತರ ಲಕ್ಷಣವನ್ನು ಇವರು ಕೊನೆಯುಸಿರಿನವರೆಗೂ ವಿಸ್ತರಿಸಿದ್ದಾರೆ.

ಏಕಾದಶಿಯ ವಿಚಾರ

ಇಷ್ಟು ಪೀಠಿಕೆಯ ಅನಂತರ ಹಲವರು ಕೇಳುವ ಪ್ರಶ್ನೆಗೆ ಬರೋಣ: ಮಧುಮೇಹವುಳ್ಳವರು ಏಕಾದಶಿಯನ್ನು ಹೇಗೆ ಆಚರಿಸಬೇಕು? ಕೃಷ್ಣಾಮೃತಮಹಾರ್ಣವದಲ್ಲಿ ಶ್ರೀಮದಾಚಾರ್ಯರು ಈ ವ್ರತದ ಮಹಿಮೆಯನ್ನು ಎಷ್ಟು ಗಟ್ಟಿಯಾಗಿ ಸಾರಿದ್ದಾರೆಂಬುದನ್ನು ಬಲ್ಲವರಿಗೆ ವ್ರತವನ್ನು ಬಿಡುವ ಮಾತೇ ಬಾಯಿಗೆ ಬಾರದು. ಆದುದರಿಂದಲೇ ಹಲವರು ವೈದ್ಯರಿಗೆ ಹೇಳದೆ ಉಪವಾಸ ಮಾಡುತ್ತಾರೆ, ಮಠದಲ್ಲಿ ಹೇಳದೆ ಮಾತ್ರೆ ನುಂಗುತ್ತಾರೆ. ಅಪಾಯವಿರುವುದು ಈ ಎರಡು ಮೌನಗಳ ನಡುವೆ. ಎರನಾಕುಳದ ಹಿರಿಯರೊಬ್ಬರು ಏಕಾದಶಿಯ ಬೆಳಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ನಿರ್ಜಲವಾಗಿ ಉಳಿದರು. ದ್ವಾದಶಿಯ ನಸುಕಿನಲ್ಲಿ ಸ್ನಾನದ ಮನೆಯಲ್ಲಿ ಬೆವರಿ ಬಿದ್ದಿದ್ದವರನ್ನು ಮನೆಯವರು ಕಂಡುದರಿಂದ ಬದುಕಿಕೊಂಡರು.

ಲೆಕ್ಕವನ್ನು ನೋಡಿ. ದಶಮಿಯ ದಿನ ಏಕಭುಕ್ತ. ಮಧ್ಯಾಹ್ನ ಒಂದು ಗಂಟೆಗೆ ಉಂಡವನು ದ್ವಾದಶಿಯ ಬೆಳಗ್ಗೆ ಆರೂವರೆಗೆ ಪಾರಣೆ ಮಾಡಿದರೂ ನಡುವೆ ನಲವತ್ತೊಂದೂವರೆ ತಾಸುಗಳಾದವು. ರಂಜಾನ್ ಉಪವಾಸ ಹಿಡಿಯುವ ಮುಸಲ್ಮಾನ ರೋಗಿಗಳಿಗಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2016ರಲ್ಲಿಯೂ 2021ರಲ್ಲಿಯೂ ಸವಿಸ್ತಾರವಾದ ಮಾರ್ಗದರ್ಶಿಯನ್ನು ಹೊರಡಿಸಿದೆ. ಯಾರು ಉಪವಾಸ ಮಾಡಬಹುದು, ಯಾರು ಮಾಡಬಾರದು ಎಂಬುದನ್ನು ಅಂಕಗಳಿಂದ ಗುಣಿಸಿ ತಿಳಿಯುವ ಕ್ರಮ ಅದರಲ್ಲಿದೆ. ಅದು ಹಗಲಿನ ಉಪವಾಸ, ಸೂರ್ಯಾಸ್ತಕ್ಕೆ ಮುಗಿಯುತ್ತದೆ. ನಮ್ಮದು ಅದರ ಮೂರು ಪಾಲು. ಹಾಗಿದ್ದೂ ನಮ್ಮವರು ವೈದ್ಯರ ಮುಂದೆ ಈ ಮಾತನ್ನು ಎತ್ತುವುದಿಲ್ಲ. ಉಪವಾಸದ ರೋಗಿಗಳನ್ನು ಕಂಡ ವೈದ್ಯರು ಕೇರಳದಲ್ಲಿ ಬೇಕಾದಷ್ಟಿದ್ದಾರೆ. ಕೇಳಿದರೆ ಅವರು ನಗಲಾರರು.

ಎಲ್ಲ ಔಷಧಗಳ ಅಪಾಯವೂ ಒಂದೇ ಬಗೆಯದಲ್ಲ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳು ಹೊಟ್ಟೆ ಬರಿದಾಗಿದ್ದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಡಾಪಾಗ್ಲಿಫ್ಲೋಜಿನ್ ಮುಂತಾದ ಹೊಸ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನೂ ನೀರನ್ನೂ ಹೊರಹಾಕುವುದರಿಂದ ನಿರ್ಜಲ ಉಪವಾಸದಲ್ಲಿ ಶರೀರ ಒಣಗಿ ರಕ್ತ ಆಮ್ಲವಾಗುವ ಭಯವಿದೆ. ಇವುಗಳನ್ನು ತಾವಾಗಿ ನಿಲ್ಲಿಸುವುದೂ ತಪ್ಪು, ಎಂದಿನ ಪ್ರಮಾಣದಲ್ಲಿಯೇ ತೆಗೆದುಕೊಳ್ಳುವುದೂ ತಪ್ಪಾಗಬಹುದು. ಬಾಲ್ಯದಿಂದ ಇನ್ಸುಲಿನ್ ಮೇಲೆ ಬದುಕುವವರಂತೂ ಅದನ್ನು ಒಂದು ದಿನವೂ ಪೂರ್ತಿ ಬಿಡುವಂತಿಲ್ಲ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಶಾಸ್ತ್ರವು ಈ ವಿಷಯದಲ್ಲಿ ನಿರ್ದಯವಾಗಿದೆಯೆಂದು ತಿಳಿಯಬಾರದು. ವ್ರತವನ್ನು ಕೆಡಿಸದ ವಸ್ತುಗಳು ಎಂಟೆಂದು ಮಹಾಭಾರತದ ವಿದುರನೀತಿಯಲ್ಲಿ ಹೇಳಿದೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು ಅವುಗಳಲ್ಲಿ ಸೇರಿವೆ, ಬ್ರಾಹ್ಮಣರ ಇಚ್ಛೆ ಮತ್ತು ಗುರುವಿನ ಮಾತು ಸೇರಿವೆ, ಎಂಟನೆಯದು ಔಷಧ. ಧರ್ಮನಿಬಂಧಕಾರರು ಈ ವಚನವನ್ನು ಅಶಕ್ತರ ವಿಷಯದಲ್ಲಿ ಉದಾಹರಿಸುತ್ತಾರೆ. ಶಕ್ತನಾದವನು ಇದನ್ನು ನೆಪ ಮಾಡಿಕೊಂಡು ಏಕಾದಶಿಯನ್ನು ಉಪ್ಪಿಟ್ಟಿನ ಹಬ್ಬವಾಗಿಸುವುದು ಎಷ್ಟು ಅನುಚಿತವೋ, ಅಶಕ್ತನಾದವನು ಹಠದಿಂದ ಪ್ರಾಣವನ್ನು ಪಣಕ್ಕೊಡ್ಡುವುದೂ ಅಷ್ಟೇ ಅನುಚಿತ. ಯಾರಿಗೆ ಹಾಲುಹಣ್ಣು, ಯಾರಿಗೆ ನೀರು ಮಾತ್ರ ಎಂಬುದನ್ನು ಮಠದ ವಿದ್ವಾಂಸರಲ್ಲಿ ಕೇಳಿ ತಿಳಿಯಬೇಕು. ಆಗ ಅದು ಗುರುವಚನವೂ ಆಗುತ್ತದೆ.

ಪಂಚಾಂಗದಲ್ಲಿ ಮುಂದಿನ ಏಕಾದಶಿಯ ದಿನವನ್ನು ಗುರುತಿಸುವಾಗ ಅದಕ್ಕೆ ಒಂದು ವಾರ ಹಿಂದಿನ ದಿನವನ್ನೂ ಗುರುತಿಸಿ, ಆ ದಿನ ಎಲ್ಲ ಚೀಟಿಗಳನ್ನೂ ಒಟ್ಟಿಗೆ ಹಿಡಿದು ವೈದ್ಯರನ್ನು ಕಾಣಬೇಕು. ವ್ರತದ ದಿನ ಸಕ್ಕರೆ ಅಳೆಯುವ ಚಿಕ್ಕ ಯಂತ್ರ ಕೈಗೆಟಕುವಲ್ಲಿರಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಮತ್ತು ದ್ವಾದಶಿಯ ಸ್ನಾನಕ್ಕೆ ಮೊದಲು ನೋಡಿಕೊಳ್ಳಬೇಕು. ಬೆರಳು ಚುಚ್ಚುವುದರಿಂದ ವ್ರತಕ್ಕೆ ಭಂಗವಿಲ್ಲ. ಎಪ್ಪತ್ತಕ್ಕಿಂತ ಕೆಳಗಿಳಿದರೆ, ಇಲ್ಲವೇ ಬೆವರು, ನಡುಕ, ಮಾತಿನ ತೊದಲು ಕಾಣಿಸಿದರೆ, ಪ್ರಶ್ನೆ ಕೇಳುತ್ತ ಕೂರದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಬೇಕು. ಮುನ್ನೂರನ್ನು ಮೀರಿದರೂ ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಆ ರಾತ್ರಿ ಮನೆಯಲ್ಲಿ ಒಬ್ಬರೇ ಮಲಗಬಾರದು. ದ್ವಾದಶಿಯ ಪಾರಣೆಯನ್ನು ತುಳಸೀತೀರ್ಥದ ಅನಂತರ ಅಲ್ಪಾಹಾರದಿಂದ ಆರಂಭಿಸಿ, ಪಾಯಸವನ್ನು ಒಂದು ಚಮಚಕ್ಕೆ ನಿಲ್ಲಿಸಿ, ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಮತ್ತೆ ಹಿಡಿಯಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥